ಬೆರಳಿನ ರಜ್ಜುಗಳ ಗಾಯವೂ ಜಮೀನುದಾರರ ಹೊಣೆಯೂ

ರಾಗಿ ಭತ್ತಗಳ ಕೊಯಿಲು ಆರಂಭವಾಯಿತೆಂದರೆ ಕುಡುಗೋಲಿನ ಗಾಯಗಳೂ ಆರಂಭವಾದವೆಂದೇ ತಿಳಿಯತಕ್ಕದ್ದು. ಪೈರಿನ ಹಿಡಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೊಯ್ಯುವವರಿಗೆ ಪೆಟ್ಟು ಬೀಳುವುದು ಎಡಗೈಯ ಬೆರಳುಗಳಿಗೇ. ಗಾಯವು ಅರ್ಧ ಅಂಗುಲದಷ್ಟೇ ಕಾಣುತ್ತದೆ. ಅದಕ್ಕೆ ಕಾಫಿಪುಡಿಯನ್ನೋ ಅರಿಸಿನವನ್ನೋ ಮೆತ್ತಿ, ಚಿಂದಿ ಸುತ್ತಿ, ಆಳನ್ನು ಪುನಃ ಕೊಯಿಲಿಗೆ ಹಚ್ಚುವುದು ವಾಡಿಕೆ. ಕೆಲವು ದಿನಗಳಲ್ಲಿ ಚರ್ಮವು ಕೂಡಿಕೊಳ್ಳುತ್ತದೆ. ಬೆರಳು ಮಾತ್ರ ಮಡಿಯದು. ಇದನ್ನು ಆಳಿನ ಹಣೆಬರಹವೆಂದು ಹೇಳಿ ಸುಮ್ಮನಾಗುವುದು ಊರಿನ ಯಜಮಾನರಾದವರಿಗೆ ಭೂಷಣವಲ್ಲ.

ಬೆರಳುಗಳನ್ನು ಮಡಿಸಿ ಚಾಚುವ ಮಾಂಸಖಂಡಗಳು ಬಹುಮಟ್ಟಿಗೆ ಮೊಣಕೈಗೂ ಮಣಿಕಟ್ಟಿಗೂ ನಡುವೆ ಇರುತ್ತವೆ. ಅಲ್ಲಿಂದ ಬೆರಳುಗಳವರೆಗೆ ಹುರಿಯಂತಹ ಬಿಳಿಯ ಸ್ನಾಯುರಜ್ಜುಗಳು ಬರುತ್ತವೆ. ಹಳ್ಳಿಗಳಲ್ಲಿ ಇವನ್ನೂ ನರವೆಂದೇ ಕರೆಯುವುದುಂಟು. ನರವು ಬೇರೆ, ಸ್ಪರ್ಶಜ್ಞಾನವನ್ನು ಕೊಡತಕ್ಕದ್ದು. ಆದರೂ ಅದು ರಜ್ಜುವಿನ ಪಕ್ಕದಲ್ಲಿಯೇ ಹಾಯುವುದರಿಂದ ಎರಡೂ ಒಂದೇ ಏಟಿಗೆ ತುಂಡಾಗುವುದು ಅಪೂರ್ವವಲ್ಲ. ಅಂಗೈಯ ಕಡೆಯ ರಜ್ಜು ಕಡಿದಾಗ ಅದರ ಮೇಲಿನ ತುದಿಯು ಅಂಗೈಯೊಳಕ್ಕೆ ಸೆಳೆದುಹೋಗುತ್ತದೆ. ಎಷ್ಟು ಬಿಗಿಯಾಗಿ ಬಟ್ಟೆ ಕಟ್ಟಿದರೂ ಅದು ತಾನಾಗಿ ಹಿಂದಿರುಗಿ ಬಂದು ಕೂಡದು.

ಇದನ್ನು ಗುರುತಿಸಲು ಪಾಂಡಿತ್ಯವು ಬೇಡ. ಕೈಯನ್ನು ಸಡಿಲವಾಗಿ ಮೇಲ್ಮುಖ ಮಾಡಿ ಇರಿಸಿದಾಗ ಬೆರಳುಗಳೆಲ್ಲವೂ ತಾವಾಗಿ ಸ್ವಲ್ಪ ಬಾಗಿರುತ್ತವೆ. ಅವುಗಳಲ್ಲಿ ಒಂದು ಮಾತ್ರ ನೆಟ್ಟಗೆ ನಿಂತಿದ್ದರೆ ರಜ್ಜು ತುಂಡಾಗಿದೆಯೆಂದು ಶಂಕಿಸಬೇಕು. ಅರೆಕಡಿದ ರಜ್ಜುವಾದರೋ ಮೊದಲು ಮೋಸಗೊಳಿಸುತ್ತದೆ: ಈ ದಿನ ಮಡಿಯುವ ಬೆರಳು ಭಾರವೆತ್ತುವಾಗ ಕಡಿದು ನಿಲ್ಲಬಹುದು. ಆದುದರಿಂದ ಗಾಯವು ಆಳವಾಗಿದ್ದರೆ ಶುದ್ಧವಾದ ನೀರಿನಿಂದ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ, ಕೈಯನ್ನು ಎತ್ತಿ ಹಿಡಿಸಿ, ಆ ದಿನವೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕಳುಹಿಸುವುದು ವಿಹಿತ. ಧನುರ್ವಾಯುವಿನ ಚುಚ್ಚುಮದ್ದು ಹೇಗಿದ್ದರೂ ಆವಶ್ಯಕ. ವಾರಗಟ್ಟಲೆ ತಡೆದರೆ ಮಾಂಸಖಂಡವು ಕುಗ್ಗಿ, ತುದಿಗಳನ್ನು ಕೂಡಿಸಲಾಗದೆ, ಬೇರೆ ಕಡೆಯ ರಜ್ಜುವನ್ನು ತಂದು ಹಾಕಬೇಕಾದೀತು. ಅಂಗೈಯಿಂದ ಬೆರಳಿನ ನಡುವಿನವರೆಗಿನ ಇಕ್ಕಟ್ಟಾದ ಭಾಗವನ್ನು ಅಮೆರಿಕದ ಶಸ್ತ್ರವೈದ್ಯ ಬನೆಲ್ಲರು ಯಾರಿಗೂ ಸೇರದ ನೆಲವೆಂದು ಕರೆದಿದ್ದರು. ಅಲ್ಲಿ ಕೂಡಲೆ ಹೊಲಿಯಲು ನುರಿತವರೂ ಅಂಜುತ್ತಿದ್ದರು. 1960ರ ದಶಕದಿಂದೀಚೆಗೆ ಆ ಭೀತಿಯು ಕ್ರಮೇಣ ನೀಗಿತು.

ಆದರೆ ಕಷ್ಟವಿರುವುದು ಹೊಲಿಗೆಯಲ್ಲಲ್ಲ, ಅನಂತರದ ದಿನಗಳಲ್ಲಿ. ಹೊಲಿದ ರಜ್ಜುವಿಗೆ ಸುಮಾರು 6 ವಾರ ಪಟ್ಟಿಯ ರಕ್ಷಣೆ ಬೇಕು, ವೈದ್ಯರು ಹೇಳಿದಂತೆ ಮಿತವಾದ ಅಭ್ಯಾಸವೂ ಬೇಕು. ಭಾರವಾದ ಕೆಲಸವನ್ನು ಸುಮಾರು 12 ವಾರ ಮಾಡಕೂಡದು. ದಿನಗೂಲಿಯಿಂದ ಬದುಕುವವನು ಮೂರು ತಿಂಗಳು ಏನನ್ನು ಉಣ್ಣಬೇಕು? ಎರಡನೆಯ ವಾರದಲ್ಲಿಯೇ ಪಟ್ಟಿಯನ್ನು ಬಿಚ್ಚಿ ಗುದ್ದಲಿ ಹಿಡಿಯುತ್ತಾನೆ, ರಜ್ಜು ಹರಿಯುತ್ತದೆ, ಜನರು ಆಸ್ಪತ್ರೆಯನ್ನು ದೂರುತ್ತಾರೆ. ಇಲ್ಲಿ ಸೋತದ್ದು ವೈದ್ಯವಲ್ಲ, ಕೂಲಿ. ಎತ್ತಿನ ಕಾಲು ಉಳುಕಿದರೆ ಅದನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಮೇವು ಹಾಕುವ ಒಕ್ಕಲಿಗನು ಆಳಿಗೆ ಅಷ್ಟನ್ನು ಮಾಡಲಾರನೇ? ಮಳೆಯಿಲ್ಲದ ವರ್ಷ ಪೂರ್ಣ ಕೂಲಿ ಕೊಡುವ ಶಕ್ತಿಯು ಸಣ್ಣ ಹಿಡುವಳಿದಾರನಿಗಿಲ್ಲವೆಂಬುದು ನಿಜ. ಆದರೆ ಕಣವನ್ನು ಕಾಯುವುದು, ಮೂಟೆಗಳ ಲೆಕ್ಕವಿಡುವುದು, ಹಕ್ಕಿಗಳನ್ನು ಓಡಿಸುವುದು ಮುಂತಾದ ಕೆಲಸಗಳಿಗೆ ಒಂದು ಕೈ ಸಾಕು.

1923ರ ಕಾರ್ಮಿಕರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ಭಾಗ, ತೋರುಬೆರಳು ಪೂರ್ತಿ ಹೋದರೆ 14 ಭಾಗ ನಷ್ಟವೆಂದು ಎಣಿಸಲಾಗಿತ್ತು. ಉಪಯೋಗವನ್ನು ಸಂಪೂರ್ಣವಾಗಿಯೂ ಶಾಶ್ವತವಾಗಿಯೂ ಕಳೆದುಕೊಂಡ ಅಂಗವು ಹೋದ ಅಂಗಕ್ಕೆ ಸಮಾನವೆಂದೂ ಅದು ಹೇಳಿತ್ತು. ಸೆಟೆದ ಬೆರಳನ್ನು ಹಗುರವಾಗಿ ನೋಡುವವರು ಇದನ್ನು ಗಮನಿಸಬೇಕು.

ರಕ್ತವೇ ಕಾಣದ ಗಾಯಗಳೂ ಇವೆ. ಬೆರಳ ತುದಿಗೆ ಪೆಟ್ಟು ತಗಲಿ ಮೇಲ್ಗಡೆಯ ರಜ್ಜು ಹರಿದರೆ ತುದಿಗೆಣ್ಣು ಜೋತುಬೀಳುತ್ತದೆ. ಸಾಮಾನ್ಯವಾಗಿ ಇದಕ್ಕೆ ಶಸ್ತ್ರವು ಬೇಡ. 6ರಿಂದ 8 ವಾರ ಹಗಲೂ ರಾತ್ರಿಯೂ ತುದಿಯನ್ನು ನೆಟ್ಟಗೆ ಕಟ್ಟಿಟ್ಟರೆ ಸಾಕು. ನಡುವೆ ಒಮ್ಮೆ ಬಾಗಿದರೂ ಎಣಿಕೆಯನ್ನು ಮೊದಲಿನಿಂದ ಹಿಡಿಯಬೇಕು. ಬೆದರಿದ ಎತ್ತು ಹಗ್ಗವನ್ನು ಜಗ್ಗಿದಾಗ ಮಡಿಸಿದ ಬೆರಳಿನ ಒಳರಜ್ಜು ಮೂಳೆಯಿಂದಲೇ ಕಿತ್ತುಬರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಗತಿ.

ಮೇವು ಕತ್ತರಿಸುವ ಯಂತ್ರದಲ್ಲಿ ಬೆರಳು ತುಂಡಾದರೆ ಆ ತುಂಡನ್ನು ಒದ್ದೆ ಮಾಡಿದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ನೀರು ಹೊಗದ ಚೀಲದಲ್ಲಿ ಹಾಕಿ, ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಗಾಯಾಳುವಿನ ಜೊತೆಯಲ್ಲಿಯೇ ಕಳುಹಿಸಬೇಕು. ಮಂಜುಗಡ್ಡೆಗೆ ಅದು ನೇರವಾಗಿ ತಾಗಬಾರದು. ಆ ಯಂತ್ರದ ಬಾಯಿಗೆ ಮುಚ್ಚಳವನ್ನೂ, ಕೆಲಸವಿಲ್ಲದಾಗ ಮಕ್ಕಳು ತಿರುಗಿಸದಂತೆ ಚಕ್ರಕ್ಕೆ ಬೀಗವನ್ನೂ ಹಾಕಿಸುವುದು ಯಂತ್ರವನ್ನು ಕೊಂಡವರ ಕೆಲಸ.