ಚರ್ಮದ ಕೆಲಸ ಕೀಳೇ?

ಬಲ್ಗೇರಿಯಾ ದೇಶದಲ್ಲಿ ಗೈಡಾ ಎಂಬ ವಾದ್ಯ ಇದೆ. ಮೇಕೆಯ ಚರ್ಮವನ್ನು ಇಡಿಯಾಗಿ ಸುಲಿದು, ಹದ ಮಾಡಿ, ಕೂದಲು ಒಳಗೆ ಬರುವಂತೆ ತಿರುವಿ ಚೀಲ ಮಾಡುತ್ತಾರೆ. ಕತ್ತು, ಮುಂಗಾಲುಗಳ ತೂತಿಗೆ ಮೂರು ಕೊಳವೆ ಕಟ್ಟುತ್ತಾರೆ. ಒಂದು ಊದೋದಕ್ಕೆ, ಒಂದು ರಾಗಕ್ಕೆ, ಉದ್ದದ್ದು ಶ್ರುತಿಗೆ. ತೋಳಿನಿಂದ ಚೀಲ ಒತ್ತುತ್ತಿದ್ದರೆ, ಊದುವವರು ಉಸಿರು ತಗೊಂಡಾಗಲೂ ನಾದ ನಿಲ್ಲೋದಿಲ್ಲ.

1977ರಲ್ಲಿ ಅಮೆರಿಕದವರು ಬಾಹ್ಯಾಕಾಶಕ್ಕೆ ಕಳಿಸಿದ ವಾಯೇಜರ್ ನೌಕೆಗಳಲ್ಲಿ ಚಿನ್ನ ಲೇಪಿಸಿದ ಧ್ವನಿತಟ್ಟೆಗಳಿವೆ. ಅದರಲ್ಲಿ ವಾಲ್ಯಾ ಬಾಲ್ಕಾನ್ಸ್ಕಾ ಅವರ ಹಾಡಿನ ಜೊತೆ ಗೈಡಾ ನಾದವೂ ಇದೆ. ಮೇಕೆ ಚರ್ಮದ ನಾದ ನಕ್ಷತ್ರಗಳ ಕಡೆ ಹೊರಟಿದೆ!

ನಮ್ಮ ತಮಟೆಯೂ ಚರ್ಮದ್ದೇ. ಜಾತ್ರೆಗೆ ತಮಟೆ ಬೇಕು, ಆದರೆ ಚರ್ಮ ಬಿಗಿಯೋ ಅಜ್ಜನನ್ನು ಜಗುಲಿ ಹತ್ತಿಸೋದಿಲ್ಲ. ಇದು ತಪ್ಪು ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?