ಚೀಟಿಯೂ ಗಡಿಗೆಯೂ

ಒಬ್ಬ ಮನುಷ್ಯನ ಪ್ರಾಣವನ್ನು ಹನ್ನೆರಡು ಮಂದಿಯ ಮಾತಿಗೆ ಒಪ್ಪಿಸುವುದಾದರೆ, ಆ ಹನ್ನೆರಡು ಮಂದಿಯನ್ನು ಯೋಗ್ಯತೆ ನೋಡಿ ಆರಿಸಬೇಕಲ್ಲದೆ ಜೂಜಿನ ದಾಳ ಉರುಳಿಸಿದಂತೆ ಚೀಟಿಯೆತ್ತಿ ನಿಯಮಿಸಬಹುದೆ? ಜ್ಯೂರಿಯ ಮಾತು ಬಂದಾಗಲೆಲ್ಲ ವಿದ್ಯಾವಂತರ ಬಾಯಿಂದ ಹೊರಡುವ ಪ್ರಶ್ನೆಯಿದು. ವೈದ್ಯನನ್ನು ಚೀಟಿಯಿಂದ ಗೊತ್ತುಮಾಡುವೆವೆ, ಅಂಬಿಗನನ್ನು ಗೊತ್ತುಮಾಡುವೆವೆ ಎಂಬ ದೃಷ್ಟಾಂತಗಳು ಅದರ ಬೆನ್ನಿಗೇ ಬರುವುವು. ಆದರೆ ವೈದ್ಯನನ್ನು ಆರಿಸತಕ್ಕವನು ರೋಗಿಯೇ ಆಗಿರುವನು. ಜ್ಯೂರರನ್ನು ಆರಿಸತಕ್ಕವನು ಆರೋಪಿಯಲ್ಲ. ಹಾಗಾದರೆ ಮತ್ತಾರು? ಯೋಗ್ಯರು ಯಾರೆಂದು ನಿರ್ಣಯಿಸುವ ಆ ಮಹಾಯೋಗ್ಯನು ಎಲ್ಲಿಂದ ಬಂದನು? ಇದಕ್ಕೆ ಉತ್ತರ ದೊರೆಯುವವರೆಗೆ ಚೀಟಿಯನ್ನು ಹಳಿಯುವುದು ಸಾಹಸವೇ ಸರಿ.

ಅಮೆರಿಕದ ಅಲಬಾಮ ಸಂಸ್ಥಾನದ ಕಾಯಿದೆಯು, ಪ್ರಾಮಾಣಿಕರೂ ಬುದ್ಧಿವಂತರೂ ಸುಶೀಲರೂ ಎಂದು ಹೆಸರಾದ ಗಂಡಸರನ್ನೇ ಜ್ಯೂರರ ಪಟ್ಟಿಗೆ ಸೇರಿಸಬೇಕೆಂದು ವಿಧಿಸಿತ್ತು. ನೋಡುವುದಕ್ಕೆ ಎಷ್ಟು ನಿರ್ದುಷ್ಟವಾದ ನಿಯಮ! 1931ರಲ್ಲಿ ಅಲ್ಲಿನ ಸ್ಕಾಟ್ಸ್‌ಬರೊ ಎಂಬ ಊರಿನಲ್ಲಿ ಒಂಬತ್ತು ಮಂದಿ ಕಪ್ಪು ಜನಾಂಗದ ಹುಡುಗರ ಮೇಲೆ ಬಲಾತ್ಕಾರದ ಆಪಾದನೆ ಹೊರಿಸಿ, ಬರಿಯ ಬಿಳಿಯರೇ ಆಗಿದ್ದ ಜ್ಯೂರಿಯಿಂದ ಎಂಟು ಮಂದಿಗೆ ಮರಣದಂಡನೆ ವಿಧಿಸಲಾಯಿತು. ಆ ಸೀಮೆಯಲ್ಲಿ ಕಪ್ಪು ಜನರೊಬ್ಬರಾದರೂ ಜ್ಯೂರಿಯಲ್ಲಿ ಕುಳಿತುದನ್ನು ಮುದುಕರೂ ಕಂಡಿರಲಿಲ್ಲ. ಕಾಯಿದೆ ಹೇಳುವ ಗುಣಗಳುಳ್ಳ ಕಪ್ಪು ಮನುಷ್ಯನೊಬ್ಬನನ್ನೂ ತಾನು ಅರಿಯೆನೆಂದು ಪಟ್ಟಿ ಬರೆಯುವ ಅಧಿಕಾರಿಯೊಬ್ಬನು ಸಾಕ್ಷಿ ನುಡಿದನು. ವ್ಯಾಜ್ಯವು ವಾಷಿಂಗ್ಟನ್ನಿನ ಪರಮೋಚ್ಚ ನ್ಯಾಯಾಲಯಕ್ಕೆ ಹೋದಾಗ, ಪಟ್ಟಿಯ ಪುಸ್ತಕದಲ್ಲಿ ಕಪ್ಪು ಜನರ ಕೆಲವು ಹೆಸರುಗಳೇನೋ ಕಂಡುವು. ಆದರೆ ಅವು ಮೊಕದ್ದಮೆ ಹೂಡಿದ ಮೇಲೆ ತುರುಕಿದುವೆಂದು ತಿಳಿದುಬಂತು. ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ಆ ಸಾಲುಗಳನ್ನು ಪರೀಕ್ಷಿಸಿದರು. 1935ರಲ್ಲಿ ಶಿಕ್ಷೆ ರದ್ದಾಯಿತು. 'ಯೋಗ್ಯರು' ಎಂಬ ಆ ಒಂದು ಮಾತಿನ ಮರೆಯಲ್ಲಿ ಒಂದು ಜನಾಂಗವನ್ನೇ ಹೊರಗೆ ನಿಲ್ಲಿಸಿದ್ದರು. ಅದಕ್ಕೆ ಬೀಗ ಬೇಕಾಗಲಿಲ್ಲ, ಬಾಗಿಲೂ ಬೇಕಾಗಲಿಲ್ಲ.

ದೂರದ ಮಾತು ಸಾಕು. 1908ರಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ಲೋಕಮಾನ್ಯ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತಷ್ಟೆ. ಸರಕಾರದ ಕಡೆಯವರು ಸಾಮಾನ್ಯ ಜ್ಯೂರಿಯನ್ನು ಒಲ್ಲದೆ 'ವಿಶೇಷ' ಜ್ಯೂರಿಯನ್ನು ಬೇಡಿ ಪಡೆದರು. ಕುಳಿತವರು ಒಂಬತ್ತು ಮಂದಿ. ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು. 'ಕೇಸರಿ'ಯ ಮರಾಠಿ ಲೇಖನಗಳ ಭಾವವನ್ನು ಇಂಗ್ಲಿಷಿನ ಭಾಷಾಂತರದಲ್ಲಿ ಹುಡುಕಬೇಕಾದ ಆ ಸಭೆಯು ಏಳಕ್ಕೆ ಎರಡರಂತೆ ದೋಷಿಯೆಂದಿತು. ತಿಲಕರು ಆರು ವರ್ಷ ಮಂಡಾಲೆಗೆ ಹೋದರು. ವಿಶೇಷವಾಗಿ ಆರಿಸಿದ ಯೋಗ್ಯತೆಯ ಫಲವಿದು!

ಜಿಲ್ಲೆಗಳಲ್ಲಿ ನಡೆದುದೇನು? 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ಜ್ಯೂರರನ್ನು ಚೀಟಿಯಿಂದಲೇ ಆರಿಸಬೇಕೆಂದು ಬರೆದಿದ್ದಿತು. ಓದಿದವರು ಸಂತೋಷಪಡಬಹುದು. ಆದರೆ ಅದೇ ಕೋಡಿನ ಇನ್ನೊಂದು ಪ್ರಕರಣದಂತೆ, ಯಾರ ಹೆಸರು ಪಟ್ಟಿಗೆ ಸೇರತಕ್ಕುದೆಂಬುದು ಸೆಷನ್ಸ್ ಜಡ್ಜಿಯ ಮತ್ತು ಕಲೆಕ್ಟರನ ಅಭಿಪ್ರಾಯಕ್ಕೆ ಸೇರಿದುದು. ಚೀಟಿಯೇನೋ ಎತ್ತಿದರು, ಗಡಿಗೆಯನ್ನು ತುಂಬಿದವರು ಕಚೇರಿಯವರು. 1959ರ ನಾನಾವತಿ ಮೊಕದ್ದಮೆಯಲ್ಲಿ ಎಂಟಕ್ಕೆ ಒಂದರಂತೆ ನಿರ್ದೋಷಿಯೆಂದ ಜ್ಯೂರಿಯಿಂದಲೇ ಈ ಪದ್ಧತಿ ಅಳಿಯಿತೆಂದು ಹಲವರು ನಂಬಿರುವರು. ಆದರೆ ಲಾ ಕಮಿಷನ್ನಿನವರು ಅದಕ್ಕೆ ಮುಂಚೆ, 1958ರಲ್ಲಿಯೇ, ಇದನ್ನು ಕೈಬಿಡಬೇಕೆಂದು ಸೂಚಿಸಿದ್ದರು. 1973ರ ಹೊಸ ಕೋಡಿನಲ್ಲಿ ಜ್ಯೂರಿಗೆ ಸ್ಥಳವಿಲ್ಲದೆ ಹೋಯಿತು. ತುಂಬಿದ ಗಡಿಗೆಯಿಂದ ಎತ್ತಿದ ಜ್ಯೂರಿಯನ್ನು ಈ ದೇಶವು ಪರೀಕ್ಷಿಸಿಯೇ ನೋಡಲಿಲ್ಲ.

ಚೀಟಿಯ ಜ್ಯೂರಿಯೇ ಸಾಕ್ರೆಟೀಸನನ್ನು ಕೊಂದಿತಲ್ಲವೆ ಎಂದು ಆಕ್ಷೇಪಿಸುವವರುಂಟು. ನಿಜ, ಕ್ರಿ. ಪೂ. 399ರಲ್ಲಿ ಅಥೆನ್ಸಿನ ಸುಮಾರು 500 ಮಂದಿ ಜ್ಯೂರರು ಅವನನ್ನು ದೋಷಿಯೆಂದರು. ಮೂವತ್ತೇ ಮತಗಳು ಅತ್ತ ಹೊರಳಿದ್ದರೆ ಬದುಕುತ್ತಿದ್ದನೆಂದು ಪ್ಲೇಟೋ ಬರೆದಿರುವನು. ಚೀಟಿಯು ಜ್ಞಾನವನ್ನು ಕೊಡುವುದೆಂದು ನಾವು ಹೇಳುವುದಿಲ್ಲ; ಸಂಚನ್ನು ತಡೆಯುವುದೆಂದಷ್ಟೇ ಹೇಳುವೆವು. ಯಾವ ಜ್ಯೂರರು ಯಾವ ನ್ಯಾಯಸ್ಥಾನಕ್ಕೆ ಹೋಗಬೇಕೆಂಬುದು ಅಲ್ಲಿ ಕಡೆಗಡೆಗೆ ವಿಚಾರಣೆಯ ದಿನ ಬೆಳಗ್ಗೆಯೇ, ಕಲ್ಲಿನ ಯಂತ್ರದಲ್ಲಿ ಬಿಳಿ ಕರಿ ಗುಂಡುಗಳನ್ನು ಹಾಕಿ, ಗೊತ್ತಾಗುತ್ತಿದ್ದಿತು. ಲಂಚ ಕೊಡಬೇಕೆಂಬವನು ಹಿಂದಿನ ರಾತ್ರಿ ಯಾರ ಮನೆಯ ಕದ ತಟ್ಟಬೇಕು?

ಇದು ಪರದೇಶದ ಹುಚ್ಚೆಂದು ತಿಳಿಯಬಾರದು. ಹತ್ತನೆಯ ಶತಮಾನದ ಚೋಳರ ಕಾಲದಲ್ಲಿ ತಮಿಳುನಾಡಿನ ಉತ್ತರಮೇರೂರಿನವರು ಊರಿನ ಸಮಿತಿಗಳಿಗೆ ಓಲೆಯಲ್ಲಿ ಹೆಸರು ಬರೆದು, ಕೊಡದಲ್ಲಿ ಹಾಕಿ, ಏನೂ ಅರಿಯದ ಬಾಲಕನಿಂದ ಎತ್ತಿಸುತ್ತಿದ್ದರೆಂದು ಅಲ್ಲಿನ ಶಾಸನ ಹೇಳುತ್ತದೆ. ಎತ್ತುವ ಕೈಯ ವಿಷಯದಲ್ಲಿ ಎಷ್ಟು ಎಚ್ಚರ! ಆದರೆ ಜಮೀನೂ ಮನೆಯೂ ಓದೂ ಉಳ್ಳವರ ಓಲೆಗಳೇ ಆ ಕೊಡಕ್ಕೆ ಬೀಳುತ್ತಿದ್ದುವೆಂಬುದನ್ನೂ ಅದೇ ಶಾಸನದಲ್ಲಿ ಓದಬಹುದು.

ತುಂಬಿದ ಗಡಿಗೆಯಿಂದ ಎತ್ತಿದ ಮೇಲೂ ಕೈಚಳಕಕ್ಕೆ ಎಡೆಯುಂಟು. ಅಮೆರಿಕದವರು 1968ರಲ್ಲಿ ತಮ್ಮ ಕೇಂದ್ರ ನ್ಯಾಯಾಲಯಗಳಿಗೆ ಮತದಾರರ ಪಟ್ಟಿಯಿಂದ ಚೀಟಿಯೆತ್ತುವ ಕಾಯಿದೆ ಮಾಡಿದರು. ಆದರೂ ಕಾರಣ ಹೇಳದೆ ಜ್ಯೂರರನ್ನು ತಳ್ಳಿಹಾಕುವ ಹಕ್ಕನ್ನು ವಕೀಲರ ಕೈಯಲ್ಲಿ ಉಳಿಸಿದರು. ಬಣ್ಣ ನೋಡಿ ತಳ್ಳಬಾರದೆಂದು 1986ರಲ್ಲಿ ತೀರ್ಪಾಯಿತು. ಬೇರೆ ಕಾರಣವೊಂದನ್ನು ಹೊಂದಿಸುವುದು ವಕೀಲನಿಗೆ ಕಷ್ಟವೆ? ಇಂಗ್ಲೆಂಡಿನವರು 1988ರ ಕಾಯಿದೆಯಲ್ಲಿ ಆರೋಪಿಯ ಪಕ್ಷಕ್ಕಿದ್ದ ಆ ಹಕ್ಕನ್ನು ತೆಗೆದುಹಾಕಿದರು. ಸರಕಾರದ ಪಕ್ಷವು ಜ್ಯೂರರನ್ನು ಬದಿಗೆ ನಿಲ್ಲಿಸುವ ಅಧಿಕಾರ ಮಾತ್ರ ಉಳಿಯಿತು. ಇದು ಅರೆಗೆಲಸವೆಂದೇ ನಮ್ಮ ಅಭಿಪ್ರಾಯ.

ಜ್ಯೂರಿಯನ್ನು ಮರಳಿ ತರಬೇಕೆನ್ನುವವರು ನಮ್ಮಲ್ಲಿಯೂ ಆಗಾಗ ಕಾಣಿಸಿಕೊಳ್ಳುವರು. ಪದವೀಧರರು ಮಾತ್ರ ಇರಲಿ ಎಂದು ಕೂಡಲೇ ಒಂದು ಷರತ್ತನ್ನೂ ಸೇರಿಸುವರು. ಈ ಪತ್ರಿಕೆಯನ್ನು ಓದುವ ಮನೆಗಳವರಿಗೆ ಆ ಷರತ್ತಿನಿಂದ ನಷ್ಟವಿಲ್ಲ. ಯಾರು ಆರಿಸಿದರೂ ನಮ್ಮನ್ನು ಆರಿಸಿಯಾರು. ನಾವು ಅದನ್ನು ವಿರೋಧಿಸಬೇಕಾದುದು ಆ ಕಾರಣದಿಂದಲೇ. ಹದಿನೆಂಟು ತುಂಬಿದ ಗಂಡಸರು ಹೆಂಗಸರೆಲ್ಲರಿಗೂ ಸ್ಥಳವುಳ್ಳ ಮತದಾರರ ಪಟ್ಟಿ ಸಿದ್ಧವಾಗಿಯೇ ಇದೆ. ಅದರಿಂದ ಎತ್ತುವುದಾದರೆ ಹಮಾಲಿಯ ಚೀಟಿಯೂ ಬರುವುದು, ಹೂವು ಮಾರುವವಳ ಚೀಟಿಯೂ ಬರುವುದು. ಬಂದವರ ದಿನಗೂಲಿಯನ್ನು ಸರಕಾರವು ತುಂಬಿಕೊಡತಕ್ಕುದು. ಇಲ್ಲವಾದರೆ ಅವರು ವಿನಾಯಿತಿ ಬೇಡಿ ಮನೆಗೆ ಹೋಗುವರು, ನಾವೇ ಉಳಿಯುವೆವು. ಅಥೆನ್ಸಿನವರು ಜ್ಯೂರರಿಗೆ ದಿನಕ್ಕೆ ಮೂರು ಒಬೊಲ್ ಕೊಡುತ್ತಿದ್ದರು.