ಅಭ್ಯರ್ಥಿ ವೇದಿಕೆಗೆ ಬರಲಿ, ಚರ್ಚೆ ಮೊಬೈಲಿಗೆ ಬರಲಿ

2023ರ ಮೇ ತಿಂಗಳಲ್ಲಿ ರಾಜ್ಯದ ಕಣ್ಣೆಲ್ಲ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಕ್ಷೇತ್ರದ ಮೇಲಿತ್ತು. ಬಿಜೆಪಿಯಲ್ಲೇ ಬೆಳೆದು ಮುಖ್ಯಮಂತ್ರಿಯೂ ಆಗಿದ್ದ ಜಗದೀಶ ಶೆಟ್ಟರ್, ಟಿಕೆಟ್ ಕೈತಪ್ಪಿದ್ದಕ್ಕೆ ಏಪ್ರಿಲ್ 17ರಂದು ಕಾಂಗ್ರೆಸ್ ಸೇರಿದ್ದರು. ಎದುರಿಗೆ ಬಿಜೆಪಿಯ ಮಹೇಶ ಟೆಂಗಿನಕಾಯಿ. ಮತ ಎಣಿಸಿದಾಗ ಟೆಂಗಿನಕಾಯಿ 34,289 ಮತಗಳ ಅಂತರದಿಂದ ಗೆದ್ದಿದ್ದರು. 2024ರ ಜನವರಿ 25ರಂದು ಶೆಟ್ಟರ್ ಬಿಜೆಪಿಗೆ ಮರಳಿದರು. ಅದೇ ವರ್ಷ ಬೆಳಗಾವಿಯಿಂದ ಲೋಕಸಭೆಗೂ ಆಯ್ಕೆಯಾದರು. ಪಕ್ಷ ಬಿಡುವುದು, ಸೇರುವುದು ಅವರವರ ಹಕ್ಕು. ಗೆಲ್ಲಿಸುವುದು, ಸೋಲಿಸುವುದು ಮತದಾರರ ಹಕ್ಕು. ನನ್ನ ತಕರಾರು ಇರುವುದು ಬೇರೆ ಕಡೆ. ಅಷ್ಟು ದೊಡ್ಡ ಕಾಳಗ ನಡೆದಾಗ ಆ ಇಬ್ಬರನ್ನು ಒಂದೇ ವೇದಿಕೆಯಲ್ಲಿ ಎದುರುಬದುರು ಕೂರಿಸಿ, ಒಂದೇ ಪ್ರಶ್ನೆಗೆ ಇಬ್ಬರಿಂದಲೂ ಉತ್ತರ ಪಡೆದು, ಅದನ್ನು ದಾಖಲೆಯಾಗಿ ಕಾಪಿಡುವ ಹೊಣೆ ನಮ್ಮ ಯಾವ ಕಚೇರಿಗೂ ಇರಲಿಲ್ಲ. ಈಗಲೂ ಇಲ್ಲ.

ಅಭ್ಯರ್ಥಿಗಳ ಚರ್ಚೆಯನ್ನು ಇಂಟರ್‌ನೆಟ್‌ನಲ್ಲಿ ನಡೆಸಬಹುದಲ್ಲ ಎಂಬ ಮಾತು ಚುನಾವಣೆ ಬಂದಾಗಲೆಲ್ಲ ತೇಲಿಬರುತ್ತದೆ. ಅದರ ಮೇಲೆ ಎರಡು ಗುಂಪುಗಳ ಜಗಳ. ಮೊದಲ ಗುಂಪಿಗೆ ಇಂಟರ್‌ನೆಟ್ ಸಂಜೀವಿನಿ: ಪೆಂಡಾಲು ಬೇಡ, ಪೊಲೀಸ್ ಬಂದೋಬಸ್ತ್ ಬೇಡ, ರಸ್ತೆ ಬಂದ್ ಇಲ್ಲ, ಅಭ್ಯರ್ಥಿ ಮನೆಯಲ್ಲೇ ಕೂತು ಮಾತಾಡಲಿ, ಮತದಾರ ಮನೆಯಲ್ಲೇ ಕೂತು ಕೇಳಲಿ. ಎರಡನೆಯ ಗುಂಪಿಗೆ ಅದು ಸುಳ್ಳಿನ ಸಂತೆ: ಬೈಗುಳ, ಟ್ರೋಲ್, ತಿರುಚಿದ ವಿಡಿಯೊ ಬಿಟ್ಟರೆ ಅಲ್ಲಿ ಇನ್ನೇನಿದೆ? ಎರಡೂ ಗುಂಪಿನವರು ಅರ್ಧ ಸರಿ, ಆದ್ದರಿಂದಲೇ ಇಬ್ಬರ ವಾದವೂ ಸೋಲುತ್ತದೆ. ನನ್ನ ಮಾತು ಇಷ್ಟೇ: ಇಂಟರ್‌ನೆಟ್ ಇರಬೇಕಾದದ್ದು ಕೇಳುವವರಿಗಾಗಿ ಮತ್ತು ದಾಖಲೆಗಾಗಿ. ಅಭ್ಯರ್ಥಿಗೆ ಆ ಸೌಲಭ್ಯ ಬೇಡ. ಅವರು ಊರಿನ ಸಭಾಂಗಣಕ್ಕೆ ಬರಬೇಕು, ಎದುರಾಳಿಯ ಪಕ್ಕ ನಿಲ್ಲಬೇಕು.

ಮನೆಯಿಂದ ಮಾತಾಡಿದರೆ ಏನು ತಪ್ಪು ಎನ್ನುವವರಿಗೆ ಅಮೆರಿಕದ ಎರಡು ಪ್ರಸಂಗ ಸಾಕು. 1960ರಲ್ಲಿ ಕೆನಡಿ ಮತ್ತು ನಿಕ್ಸನ್ ನಡುವೆ ನಾಲ್ಕು ಟಿವಿ ಚರ್ಚೆಗಳು ನಡೆದವು. ಅಕ್ಟೋಬರ್ 13ರ ಮೂರನೆಯ ಚರ್ಚೆಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಇರಲಿಲ್ಲ. ಕೆನಡಿ ನ್ಯೂಯಾರ್ಕ್‌ನಲ್ಲಿ, ನಿಕ್ಸನ್ ಲಾಸ್ ಏಂಜಲೀಸ್‌ನಲ್ಲಿ. ಚರ್ಚೆ ಮುಗಿದ ಮೇಲೆ ಎದ್ದ ರಂಪ ವಿಷಯದ ಬಗ್ಗೆ ಆಗಿರಲಿಲ್ಲ, ಕೆನಡಿ ಚೀಟಿ ನೋಡಿಕೊಂಡು ಮಾತಾಡಿದರು ಎಂಬ ನಿಕ್ಸನ್ ದೂರಿನ ಬಗ್ಗೆ ಆಗಿತ್ತು. ಟಿವಿ ಕಾಲದಲ್ಲೇ ಈ ಗುಮಾನಿ ಹುಟ್ಟಿದ್ದರೆ, ಕ್ಯಾಮೆರಾದ ಹಿಂದೆ ನಾಲ್ಕು ಸಲಹೆಗಾರರು, ಕಿವಿಯಲ್ಲಿ ಒಂದು ಪುಟ್ಟ ಯಂತ್ರ, ಕಣ್ಣೆದುರು ಉರುಳುವ ಅಕ್ಷರಗಳು ಇರುವ ಈಗಿನ ಕಾಲದಲ್ಲಿ ಯಾರ ಮಾತು ಯಾರದು ಎಂದು ಹೇಗೆ ನಂಬುವುದು?

ಎರಡನೆಯದು 2020ರದು. ಟ್ರಂಪ್‌ಗೆ ಕೋವಿಡ್ ತಗುಲಿದ್ದರಿಂದ ಅಕ್ಟೋಬರ್ 15ರ ಚರ್ಚೆಯನ್ನು ಆನ್‌ಲೈನ್‌ನಲ್ಲಿ ನಡೆಸುತ್ತೇವೆ ಎಂದು ಅಲ್ಲಿನ ಚರ್ಚಾ ಆಯೋಗ ಘೋಷಿಸಿತು. ಟ್ರಂಪ್ ಒಲ್ಲೆ ಎಂದರು, ಚರ್ಚೆ ರದ್ದಾಯಿತು. ಅದೇ ದಿನ ಅದೇ ಹೊತ್ತಿಗೆ ಟ್ರಂಪ್ ಒಂದು ಚಾನೆಲ್‌ನಲ್ಲಿ, ಬೈಡನ್ ಇನ್ನೊಂದು ಚಾನೆಲ್‌ನಲ್ಲಿ ತಮ್ಮ ತಮ್ಮ ಸಭೆ ನಡೆಸಿದರು. ನೋಡುವವರು ಒಬ್ಬರನ್ನು ಆರಿಸಿಕೊಂಡು ಇನ್ನೊಬ್ಬರನ್ನು ಬಿಡಬೇಕಾಯಿತು. ಮತ ಹಾಕುವ ಮೊದಲೇ ಜನ ಎರಡು ಭಾಗ.

ಆ ದೇಶ ಒಂದು ರಾತ್ರಿ ಕಂಡದ್ದನ್ನು ನಾವು ಪ್ರತಿ ಚುನಾವಣೆಯಲ್ಲಿ ತಿಂಗಳುಗಟ್ಟಲೆ ಕಾಣುತ್ತೇವೆ. ಪ್ರತಿ ಅಭ್ಯರ್ಥಿಗೂ ಒಂದು ಫೇಸ್‌ಬುಕ್ ಪೇಜ್, ಒಂದು ಯೂಟ್ಯೂಬ್ ಚಾನೆಲ್, ಗಲ್ಲಿಗೊಂದು ವಾಟ್ಸ್‌ಆ್ಯಪ್ ಗ್ರೂಪ್. ಲೈವ್ ಬರುತ್ತಾರೆ, ಹೂಮಾಲೆ ಹಾಕಿಸಿಕೊಳ್ಳುತ್ತಾರೆ, ‘ನಿಮ್ಮ ಮನೆ ಮಗ’ ಎನ್ನುತ್ತಾರೆ, ಹೋಗುತ್ತಾರೆ. ಕೇಳಿದ್ದು ಅವರದೇ ಹಿಂಬಾಲಕರು, ಪ್ರಶ್ನೆ ಹಾಕಿದವರ ಕಮೆಂಟ್ ಮರುಕ್ಷಣ ಮಾಯ. ಇದನ್ನು ಡಿಜಿಟಲ್ ಪ್ರಜಾಪ್ರಭುತ್ವ ಎನ್ನುವವರಿಗೆ ನಮಸ್ಕಾರ. ಎದುರು ಮಾತಾಡುವವರೇ ಇಲ್ಲದ ಕಡೆ ನಡೆಯುವುದು ಭಾಷಣ, ಅದು ನೆಹರೂ ಮೈದಾನದಲ್ಲಿ ನಡೆದರೂ ಅಷ್ಟೇ, ಮೊಬೈಲಿನಲ್ಲಿ ನಡೆದರೂ ಅಷ್ಟೇ.

ನಮ್ಮ ನಾಯಕರಿಗೆ ಚರ್ಚೆಯ ಸವಾಲು ಹಾಕುವುದು ಇಷ್ಟ, ಚರ್ಚೆ ಕಷ್ಟ. 2018ರ ಮೇ 1ರಂದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಪ್ರಧಾನಿ ಮೋದಿ ರಾಹುಲ್ ಗಾಂಧಿಯವರಿಗೆ ಸವಾಲೆಸೆದರು: ಕರ್ನಾಟಕ ಸರ್ಕಾರದ ಸಾಧನೆ ಕುರಿತು ಕಾಗದ ನೋಡದೆ 15 ನಿಮಿಷ ಮಾತಾಡಿ. ಸಿದ್ದರಾಮಯ್ಯ ತಿರುಗಿ ಹೇಳಿದರು: ಯಡಿಯೂರಪ್ಪ ಸರ್ಕಾರದ ಸಾಧನೆ ಕುರಿತು ನೀವು ಕಾಗದ ನೋಡಿಕೊಂಡೇ 15 ನಿಮಿಷ ಮಾತಾಡಿ. ಎರಡೂ ಕಡೆ ಚಪ್ಪಾಳೆ ಬಿತ್ತು. ಆ 15 ನಿಮಿಷ ಮಾತ್ರ ಯಾವ ವೇದಿಕೆಗೂ ಬರಲಿಲ್ಲ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಸೇರಿ ಮೋದಿ ಮತ್ತು ರಾಹುಲ್ ಇಬ್ಬರನ್ನೂ ಬಹಿರಂಗ ಚರ್ಚೆಗೆ ಆಹ್ವಾನಿಸಿದರು. ರಾಹುಲ್ ಒಪ್ಪಿದರು. ಬಿಜೆಪಿ ತನ್ನ ಯುವ ಮೋರ್ಚಾದ ಉಪಾಧ್ಯಕ್ಷರ ಹೆಸರು ಮುಂದಿಟ್ಟಿತು. ಚರ್ಚೆ ನಡೆಯಲಿಲ್ಲ. ಒಪ್ಪಿದ್ದಕ್ಕೆ ಕಾಂಗ್ರೆಸ್ಸಿಗೆ ಹಾರ ಹಾಕುವ ಮುನ್ನ ಇನ್ನೊಂದು ಮಾತು: ಈ ರಾಜ್ಯವನ್ನು ಆಳಿದ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರೂ ಪಕ್ಷಗಳು ಶಾಸಕನಿಂದ ಕಾರ್ಪೊರೇಟರ್‌ವರೆಗೆ ಅಭ್ಯರ್ಥಿಗಳು ಚರ್ಚೆಗೆ ಬರಬೇಕೆಂಬ ನಿಯಮಕ್ಕಾಗಿ ಬೆವರು ಹರಿಸಿದ್ದನ್ನು ಯಾರೂ ಕಂಡಿಲ್ಲ. ಬರದಿದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ ಎಂದಾಗ ಯಾರು ತಾನೇ ಬರುತ್ತಾರೆ?

‘ಇದೆಲ್ಲ ಅಮೆರಿಕದ ಶೋಕಿ, ನಮ್ಮದು ಪಕ್ಷಗಳ ವ್ಯವಸ್ಥೆ’ ಎನ್ನುವ ಪಂಡಿತರೂ ಇದ್ದಾರೆ. ಆಕಾಶವಾಣಿ, ದೂರದರ್ಶನಗಳಲ್ಲಿ ಪಕ್ಷಗಳಿಗೆ ಉಚಿತ ಸಮಯ ಕೊಡುವ ಚುನಾವಣಾ ಆಯೋಗದ ಯೋಜನೆಯನ್ನು ಅವರು ಓದಿದಂತಿಲ್ಲ. ಭಾಷಣದ ಜತೆಗೆ ಗರಿಷ್ಠ ಎರಡು ಚರ್ಚೆಗಳನ್ನೂ ಪ್ರಸಾರ ಭಾರತಿ ಏರ್ಪಡಿಸಬಹುದು, ಪ್ರತಿ ಪಕ್ಷವೂ ಒಬ್ಬ ಪ್ರತಿನಿಧಿಯನ್ನು ಕಳಿಸಬಹುದು ಎಂದು ಅದರಲ್ಲಿದೆ. ಅಂದರೆ ಚರ್ಚೆಯ ತತ್ವವನ್ನು ಆಯೋಗ ಎಂದೋ ಒಪ್ಪಿದೆ. ಕೊರತೆ ಇರುವುದು ಎರಡು: ಬರುವವರು ವಕ್ತಾರರು, ನಾವು ಮತ ಹಾಕುವ ಅಭ್ಯರ್ಥಿಗಳಲ್ಲ, ಅದು ರಾಜ್ಯಮಟ್ಟದ ಮಾತು, ನಮ್ಮ ನಲ್ಲಿಯ ಮಾತಲ್ಲ.

ಆಯೋಗ 2013ರಲ್ಲೇ ಸಾಮಾಜಿಕ ಜಾಲತಾಣಗಳನ್ನು ನೀತಿಸಂಹಿತೆಯ ವ್ಯಾಪ್ತಿಗೆ ತಂದಿದೆ. ಅಭ್ಯರ್ಥಿ ತನ್ನ ಖಾತೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು, ಅಲ್ಲಿನ ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕು, ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಕು. ಇಂಟರ್‌ನೆಟ್‌ನಲ್ಲಿ ಏನು ಮಾಡಬಾರದು ಎಂಬ ಪಟ್ಟಿ ಉದ್ದವಾಗುತ್ತಲೇ ಇದೆ. ಏನು ಮಾಡಲೇಬೇಕು ಎಂಬ ಪಟ್ಟಿಗೆ ಚರ್ಚೆ ಸೇರಿಲ್ಲ.

ನಲ್ಲಿಯ ಮಾತಿಗೇ ಬರೋಣ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ಹೆಂಗಸರು ಕೇಳುವ ಮೊದಲ ಪ್ರಶ್ನೆ, ‘ನೀರು ಯಾವಾಗ ಬಿಡ್ತೀರ್ರಿ?’ ಮಲಪ್ರಭೆಯ ನೀರು ನಂಬಿದ ಊರಿದು. ನಿರಂತರ ನೀರಿನ ಪ್ರಯೋಗ 2008ರಲ್ಲೇ ಇಲ್ಲಿನ ಕೆಲವು ವಾರ್ಡ್‌ಗಳಲ್ಲಿ ನಡೆದು ದೇಶದ ಗಮನ ಸೆಳೆದಿತ್ತು. ಅದು ಉಳಿದ ಊರಿಗೆ ಇಷ್ಟು ತಡವಾಗುತ್ತಿರುವುದು ಏಕೆ? ಮಹಾದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟು ಕಳಸಾ-ಬಂಡೂರಿಯಿಂದ ಮಲಪ್ರಭೆಗೆ 3.9 ಟಿಎಂಸಿ ಅಡಿ ನೀರು ಹಂಚಿತು, 2022ರ ಡಿಸೆಂಬರ್‌ನಲ್ಲಿ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿತು, ಪಟಾಕಿಯೂ ಹೊಡೆದಾಯಿತು. ಆ ನೀರು ಈ ಊರಿನ ನಲ್ಲಿಗೆ ಯಾವ ವರ್ಷ ಬರುತ್ತದೆ? ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನ ಪ್ರತ್ಯೇಕ ಪಥ ಉಳಿಯಬೇಕೆ, ಎಲ್ಲ ವಾಹನಗಳಿಗೂ ತೆರೆಯಬೇಕೆ? ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಎಂದು ಸಚಿವ ಸಂಪುಟ 2025ರ ಜನವರಿಯಲ್ಲಿ ನಿರ್ಧರಿಸಿತಲ್ಲ, ಆಸ್ತಿ ಮತ್ತು ಸಾಲ ಹಂಚುವುದು ಹೇಗೆ? ಇವು ಹೌದು-ಅಲ್ಲ ಪ್ರಶ್ನೆಗಳಲ್ಲ. ರೀಲ್‌ನ ಅರ್ಧ ನಿಮಿಷದಲ್ಲಿ ಇವುಗಳಿಗೆ ಉತ್ತರ ಹಿಡಿಯುವುದಿಲ್ಲ. ಎದುರಾಳಿ ಅಡ್ಡಪ್ರಶ್ನೆ ಹಾಕಿದಾಗ ಮಾತ್ರ ಉತ್ತರದಲ್ಲಿ ಹುರುಳಿದೆಯೋ ಇಲ್ಲವೋ ತಿಳಿಯುತ್ತದೆ.

ಆದ್ದರಿಂದ ಚರ್ಚೆ ಮೊದಲು ಪಾಲಿಕೆ ಚುನಾವಣೆಯಿಂದಲೇ ಶುರುವಾಗಲಿ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಹಿಂದಿನ ಅವಧಿ 2019ರಲ್ಲಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. 82 ವಾರ್ಡ್‌ಗಳಲ್ಲಿ ಬಿಜೆಪಿಗೆ 39, ಕಾಂಗ್ರೆಸ್ಸಿಗೆ 33, ಎಐಎಂಐಎಂಗೆ 3, ಜೆಡಿಎಸ್‌ಗೆ 1, ಪಕ್ಷೇತರರಿಗೆ 6. ಮೇಯರ್ ಕುರ್ಚಿ ತುಂಬಲು 2022ರ ಮೇ ಬರಬೇಕಾಯಿತು. ಇಷ್ಟು ಕಾಯಿಸಿದ ಚುನಾವಣೆಯಲ್ಲಿ ಮತ ಹಾಕಿದವರು ನೂರಕ್ಕೆ ಐವತ್ತನಾಲ್ಕರಷ್ಟು. ಜನಕ್ಕೆ ಆಸಕ್ತಿ ಇಲ್ಲ ಎಂದು ಬೈಯುವುದು ಸುಲಭ. ಆರಿಸಬೇಕಾದವರ ಮುಖ ಬ್ಯಾನರ್‌ನಲ್ಲಿ ಬಿಟ್ಟು ಬೇರೆಲ್ಲೂ ಕಾಣದಿದ್ದರೆ ಆಸಕ್ತಿ ಎಲ್ಲಿಂದ ಬರಬೇಕು? ಸುಮಾರು ಅರ್ಧ ವಾರ್ಡ್‌ಗಳು ಮಹಿಳೆಯರಿಗೆ ಮೀಸಲು. ಎಷ್ಟೋ ಕಡೆ ಪ್ರಚಾರದ ಫಲಕದಲ್ಲಿ ಗಂಡನ ಫೋಟೊ ದೊಡ್ಡದು, ಅಭ್ಯರ್ಥಿಯದು ಚಿಕ್ಕದು. ವೇದಿಕೆಯ ಮೇಲೆ ಒಂದು ಕುರ್ಚಿ, ಒಂದು ಮೈಕು, ಅದರ ಮುಂದೆ ಆಕೆಯೇ ಎಂದು ನಿಯಮ ಮಾಡಿದರೆ ಆ ಹೆಣ್ಣುಮಗಳ ದನಿ ಊರಿಗೆ ಕೇಳುತ್ತದೆ. ಬೆನ್ನ ಹಿಂದೆ ನಿಂತು ಆಳುವವರಿಗೆ ಕೂರಲು ಜಾಗ ಇರುವುದಿಲ್ಲ.

ಸಭಾಂಗಣಕ್ಕೆ ನಮಗೇನು ಬರವೆ? ದೇಶಪಾಂಡೆ ನಗರದಲ್ಲೇ ಸವಾಯಿ ಗಂಧರ್ವ ಸಭಾಂಗಣವಿದೆ. ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮನೆಯಿದ್ದ ಬಡಾವಣೆ ಇದು. ತಾಸುಗಟ್ಟಲೆ ಕೂತು ಕೇಳುವುದನ್ನು ಇಲ್ಲಿನವರಿಗೆ ಯಾರೂ ಕಲಿಸಬೇಕಿಲ್ಲ. ಜುಗಲ್‌ಬಂದಿಯಲ್ಲಿ ಇಬ್ಬರಿಗೂ ತಾಳ ಒಂದೇ. ಒಬ್ಬ ತಪ್ಪಿದರೆ ಹಿಂದಿನ ಸಾಲಿನವನಿಗೂ ಗೊತ್ತಾಗುತ್ತದೆ. ಅಭ್ಯರ್ಥಿಗಳ ಚರ್ಚೆಗೂ ಅಷ್ಟೇ ಬೇಕು: ಇಬ್ಬರಿಗೂ ಅದೇ ಪ್ರಶ್ನೆ, ಅದೇ ನಿಮಿಷ, ಅದೇ ಜನ.

ನಿಯಮಗಳೂ ಕಠಿಣವೇನಲ್ಲ. ನಡೆಸುವುದು ರಾಜ್ಯ ಚುನಾವಣಾ ಆಯೋಗ. ಪಕ್ಷವಲ್ಲ, ಚಾನೆಲ್ ಅಲ್ಲ, ಉದ್ಯಮಿಯ ಪ್ರತಿಷ್ಠಾನವೂ ಅಲ್ಲ. ವಾರ್ಡಿಗೆ ಒಂದು ತಾಸು. ಪ್ರಶ್ನೆಗಳನ್ನು ವಾರ್ಡಿನ ಮತದಾರರಿಂದ ಬರೆಸಿಕೊಂಡು ಚೀಟಿ ಎತ್ತಬೇಕು. ಪಕ್ಷೇತರರಿಗೂ ಸಮಪಾಲು. ಮತದಾನಕ್ಕೆ ಮುನ್ನ 48 ತಾಸು ಪ್ರಚಾರ ನಿಲ್ಲಬೇಕಾದ್ದರಿಂದ ಒಂದು ವಾರ ಮೊದಲೇ ಎಲ್ಲ ಮುಗಿಯಬೇಕು. ಆಯೋಗದ್ದೇ ತಾಣದಲ್ಲಿ ನೇರ ಪ್ರಸಾರ, ಕಮೆಂಟ್ ಬಂದ್. ಇಡೀ ವಿಡಿಯೊ ಕತ್ತರಿ ತಾಗದೆ, ಕನ್ನಡ ಬರಹದ ಸಮೇತ, ಐದು ವರ್ಷ ಅಲ್ಲೇ ಇರಬೇಕು. ಯಾರಾದರೂ ತುಣುಕು ತಿರುಚಿ ಹಂಚಿದರೆ ಮೂಲವನ್ನು ತೋರಿಸಿ ಸುಳ್ಳನ್ನು ಬಯಲು ಮಾಡಲು ಇದೇ ಆಧಾರ. ಇಂಟರ್‌ನೆಟ್ ಎಂದರೆ ಸುಳ್ಳು ಎಂದು ಹೆದರುವವರಿಗೆ ನನ್ನ ಉತ್ತರವೂ ಇದೇ: ಅಸಲಿ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿದ್ದಾಗ ನಕಲಿಯ ಆಟ ಬಹಳ ದಿನ ನಡೆಯುವುದಿಲ್ಲ.

ಬರದವರ ಕುರ್ಚಿ ತೆಗೆಯಕೂಡದು. ಹೆಸರಿನ ಫಲಕದ ಸಮೇತ ಖಾಲಿ ಕುರ್ಚಿಯನ್ನು ಕ್ಯಾಮೆರಾ ತೋರಿಸುತ್ತಲೇ ಇರಬೇಕು. ಬಲವಂತ ಮಾಡಿದರೆ ಮಾತಿನ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಕೋರ್ಟಿಗೆ ಹೋಗುತ್ತಾರೆ, ಬಲವಂತ ಬೇಡ. ಗೈರುಹಾಜರಿಯನ್ನು ಪ್ರಕಟಿಸಿದರೆ ಸಾಕು. ಅಭ್ಯರ್ಥಿಗಳ ಆಸ್ತಿ, ಮೊಕದ್ದಮೆ, ವಿದ್ಯಾರ್ಹತೆ ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದಾಗಲೂ ಪಕ್ಷಗಳು ಹುಯ್ಯಲೆಬ್ಬಿಸಿದವು, ಕಾನೂನು ತಂದು ತಡೆಯಲೂ ನೋಡಿದವು. 2003ರಲ್ಲಿ ನ್ಯಾಯಾಲಯ ಆ ತಡೆಯನ್ನು ತೆಗೆದುಹಾಕಿತು. ಈಗ ಪ್ರಮಾಣಪತ್ರವಿಲ್ಲದ ನಾಮಪತ್ರವನ್ನು ಯಾರೂ ಊಹಿಸಲಾರರು. ಅಭ್ಯರ್ಥಿಯ ಆಸ್ತಿ ತಿಳಿಯುವ ಹಕ್ಕಿದ್ದರೆ ಅವರ ಆಲೋಚನೆ ತಿಳಿಯುವ ಹಕ್ಕು ಏಕೆ ಇರಬಾರದು?

ಸ್ಮಾರ್ಟ್‌ಫೋನ್ ಇಲ್ಲದವರ ಗತಿ ಏನು ಎಂಬುದು ನ್ಯಾಯವಾದ ಆಕ್ಷೇಪ. ಮನೆಗೊಂದೇ ಫೋನು, ಅದೂ ಗಂಡಸಿನ ಜೇಬಿನಲ್ಲಿ ಎಂಬ ಮನೆಗಳು ಹಳೇ ಹುಬ್ಬಳ್ಳಿಯಲ್ಲೂ ಇವೆ, ಹೊಸ ಬಡಾವಣೆಗಳಲ್ಲೂ ಇವೆ. ಹಾಗಾಗಿಯೇ ಸಭಾಂಗಣದ ಬಾಗಿಲು ತೆರೆದಿರಬೇಕು, ಧಾರವಾಡ ಆಕಾಶವಾಣಿ ಅದೇ ಚರ್ಚೆಯನ್ನು ಬಿತ್ತರಿಸಬೇಕು, ಬಡಾವಣೆಯ ಗ್ರಂಥಾಲಯದಲ್ಲಿ ಪರದೆ ಹಾಕಬೇಕು. ಆದರೆ ಈ ಆಕ್ಷೇಪವನ್ನು ಅತಿ ಜೋರಾಗಿ ಎತ್ತುವ ರಾಜಕಾರಣಿಗಳ ಪ್ರಚಾರ ನಡೆಯುವುದು ಯಾವ ಫೋನಿನಲ್ಲಿ ಎಂದು ಅವರೇ ಹೇಳಲಿ.

ಮಾತು ಬಲ್ಲವರೇ ಗೆಲ್ಲುತ್ತಾರೆ, ಕೆಲಸಗಾರ ಸೋಲುತ್ತಾನೆ ಎಂಬ ಅಳುಕೂ ಇದೆ. ಈಗ ಗೆಲ್ಲುತ್ತಿರುವುದು ಯಾರು? ಹಣ, ಜಾತಿ ಲೆಕ್ಕ, ದಿಲ್ಲಿಯಿಂದ ಇಳಿಯುವ ತಾರಾ ಪ್ರಚಾರಕರು. ಗಟಾರು ಕಟ್ಟಿಸಿದ ಕಾರ್ಪೊರೇಟರ್‌ಗೆ ‘ಇಂಥ ಓಣಿಯಲ್ಲಿ ಇಷ್ಟು ಮೀಟರ್ ಮಾಡಿಸೀನಿ’ ಎನ್ನಲು ವಾಕ್ಚಾತುರ್ಯ ಬೇಡ. ತಡವರಿಸಿ ಹೇಳಿದರೂ ಓಣಿಯವರಿಗೆ ಸತ್ಯ ಗೊತ್ತು. ಚರ್ಚೆಗೆ ಹೆದರಬೇಕಾದವರು ಹೇಳಲು ಏನೂ ಇಲ್ಲದವರು.

ಈ ಪಾಲಿಕೆಯ ಅವಧಿ ಮುಗಿಯುವುದು 2027ರಲ್ಲಿ, ಮರುವರ್ಷವೇ ವಿಧಾನಸಭೆ ಚುನಾವಣೆ. ರಾಜ್ಯ ಚುನಾವಣಾ ಆಯೋಗಕ್ಕೆ ಮನಸ್ಸಿದ್ದರೆ ನಿಯಮ ಬರೆಯಲು ಸಮಯ ಸಾಕು. ಅವಳಿ ನಗರವನ್ನೇ ಮೊದಲ ಪ್ರಯೋಗಕ್ಕೆ ಆರಿಸಿಕೊಳ್ಳಲಿ. ಆಯೋಗ ಕೈಕಟ್ಟಿ ಕುಳಿತರೆ ವಾರ್ಡಿನ ನಿವಾಸಿ ಸಂಘಗಳು, ಕಾಲೇಜುಗಳು, ವಕೀಲರ ಸಂಘ ಸೇರಿ ಸಭಾಂಗಣ ಹಿಡಿಯಲಿ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ ಒಂದೇ ಒಕ್ಕಣೆಯ ಪತ್ರ ಕಳಿಸಲಿ, ಬಂದ ಉತ್ತರಗಳನ್ನೂ ಬರದ ಉತ್ತರಗಳನ್ನೂ ಪ್ರಕಟಿಸಲಿ. ಮತ ಕೇಳಲು ಬಂದವರು ಕೈಮುಗಿದಾಗ ನಾವೂ ಕೈಮುಗಿದು ಒಂದೇ ಪ್ರಶ್ನೆ ಕೇಳೋಣ: ‘ವೇದಿಕೆಗೆ ಬರ್ತೀರೇನ್ರಿ?’ ಹೌದು ಎಂದವರ ಮಾತು ಕೇಳೋಣ. ‘ನೋಡೋಣಂತ’ ಎಂದವರಿಗೆ ಮತಗಟ್ಟೆಯಲ್ಲಿ ನಾವೂ ‘ನೋಡೋಣಂತ’ ಎನ್ನೋಣ.